ಕೂಗಿ ಹೇಳದ ಮಾತು

ಬಸ್ಸಿನಿಂದ ಇಳಿದ ಹೆಂಗಸು ಕೊಡೆಯನ್ನು ಸೀಟಿನ ಮೇಲೆ ಮರೆತುಹೋಗಿದ್ದಳು. ಪಕ್ಕದ ಮುದುಕ ಅದನ್ನೆತ್ತಿ ಮುಂದಿನವನಿಗೆ ಕೊಟ್ಟ, ಅವನು ಕಿಟಕಿಯ ಬಳಿ ಕೂತವಳಿಗೆ ಕೊಟ್ಟ, ಅವಳು ಕೈ ಹೊರಚಾಚಿ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬನಿಗೆ ಕೊಟ್ಟು, ಅಗೋ ಹಸಿರು ಕೋಟಿನವಳು ಎಂದು ತೋರಿಸಿದಳು. ಅವನು ಓಡಿಹೋಗಿ ಹಸಿರು ಕೋಟಿನ ಬೇರೊಬ್ಬಳ ಕೈಗೆ ಕೊಡೆ ಹಿಡಿಸಿದ. ಆಕೆ ಕಕ್ಕಾಬಿಕ್ಕಿಯಾದಳು, ಬೇಡವೆನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಕೊಟ್ಟವನು ಮಾಯ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆಕೆ ಕೊಡೆಯನ್ನು ಎದೆಗವಚಿಕೊಂಡು, ಹೊರಟ ಬಸ್ಸಿನತ್ತ ಸುಮ್ಮನೆ ಕೈ ಬೀಸಿದಳು. ಬಸ್ಸಿನೊಳಗಿನ ಎಲ್ಲರೂ ಒಳ್ಳೆಯ ಕೆಲಸ ಮಾಡಿದವರ ಮುಖ ಹೊತ್ತು ಅವಳಿಗೆ ಕೈ ಬೀಸಿದರು. ಬಸ್ಸಿನ ಹಿಂದಿನ ಸಾಲಿನಲ್ಲಿ ಆಫೀಸಿಗೆ ಹೊರಟು ಕೂತಿದ್ದವಳೊಬ್ಬಳು ಇದೆಲ್ಲವನ್ನೂ ನೋಡಿದಳು; ಅವಳಿಗೆ ಇದನ್ನು ಅಮ್ಮನಿಗೆ ಹೇಳಬೇಕು ಅನ್ನಿಸಿತು. ಅನ್ನಿಸಿದ ಗಳಿಗೆಯಲ್ಲೇ, ಹೇಳುವುದಿಲ್ಲ ಎಂಬುದೂ ಗೊತ್ತಾಯಿತು. ಅಮ್ಮಾ, ಬಸ್ಸಲ್ಲಿ ಒಬ್ಬಳು ಕೊಡೆ ಮರೆತಳು. ಕೊಡೆ! ಕೊಡೆ ಅಮ್ಮಾ! ಮರೆತಳು! ಮೂರನೇ ಸಲ ಕೂಗುವಷ್ಟರಲ್ಲಿ ಕೊಡೆಯೂ ಇರುವುದಿಲ್ಲ, ಹಸಿರು ಕೋಟೂ ಇರುವುದಿಲ್ಲ, ಕೂಗು ಮಾತ್ರ ಉಳಿದಿರುತ್ತದೆ. ಕೂಗಿ ಹೇಳುವಷ್ಟು ದೊಡ್ಡ ಮಾತಲ್ಲ ಅದು. ಗ್ಯಾಸ್ ಮುಗಿದಿದೆ ಎಂದು ಕೂಗಿ ಹೇಳಬಹುದು, ಚಿಕ್ಕಪ್ಪ ತೀರಿಕೊಂಡರು ಎಂದೂ ಕೂಗಿ ಹೇಳಿದ್ದಾಗಿದೆ. ಇತ್ತೀಚೆಗೆ ಅವರ ಮನೆಯಲ್ಲಿ ಗ್ಯಾಸು, ಔಷಧಿ, ಸಾವು ಇಷ್ಟೇ ಮಾತು ಉಳಿದಿದ್ದವು. ನಡುವಿನದೆಲ್ಲ ಎಲ್ಲೋ ಸೋರಿಹೋಗಿತ್ತು.

ಆಫೀಸಿನ ಮೆಟ್ಟಿಲು ಹತ್ತುವಾಗ ಕೆಳಗಿನ ಟೈರ್ ಅಂಗಡಿಯ ರಬ್ಬರ್ ವಾಸನೆ ಮೊದಲ ತಿರುವಿನವರೆಗೂ ಜೊತೆಗೆ ಬಂದು, ಅಲ್ಲಿ ಬೀಳ್ಕೊಟ್ಟು ಹಿಂದಿರುಗಿತು. ಸಣ್ಣ ಆಫೀಸು ಅದು: ಬೇರೆಯವರ ಸಾಮಾನುಗಳನ್ನು ಹೊಗಳಿ ಮಾರಿಕೊಡುವುದು ಅವರ ಕಸುಬು. ಹೊಗಳಿಕೆಯನ್ನು ಬರೆಯುವವಳು ಅವಳು; ಚಿತ್ರೀಕರಿಸುವವನು ಗಡ್ಡ. ಅವನ ಗಡ್ಡ ನಿಜಕ್ಕೂ ಅಷ್ಟೇನೂ ದೊಡ್ಡದಲ್ಲ, ಆದರೆ ಬೇರೆ ಯಾರಿಗೂ ಗಡ್ಡವಿರಲಿಲ್ಲವಾದ್ದರಿಂದ ಹೆಸರು ನಿಂತುಬಿಟ್ಟಿತ್ತು. ಯಜಮಾನರು ಆಗಲೇ ಅವಳ ಮೇಜಿನ ಮೂಲೆಯಲ್ಲಿ ಕೂತು, ಪೆಪ್ಪರಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸುತ್ತಿದ್ದರು. ಅವರ ಕೈಯಲ್ಲಿ ಅವಳ ಬರಹದ ಹಾಳೆಗಳಿದ್ದವು. ಕಿವಿಯ ಯಂತ್ರ ಮಾಡುವ ಕಂಪನಿಯೊಂದಕ್ಕಾಗಿ ಅವಳು ಹಲವು ವಾರ ಕೂತು ಬರೆದದ್ದು.

"ಬಾಮ್ಮ, ಕೂತ್ಕೋ. ಮಧ್ಯಾಹ್ನದ ಮೇಲೆ ಕಿವಿ ಕಂಪನಿ ಮೇಡಂ ಬರ್ತಾರೆ. ಅವರ ವೆಬ್ ಪೇಜಲ್ಲಿ ಇಡೋದು ಒಂದೇ. ಇವನ ವೀಡಿಯೊನೋ, ನಿನ್ನ ಬರಹನೋ. ಎರಡು ದೋಣೀಲಿ ಕಾಲಿಟ್ರೆ ಮಧ್ಯ ನೀರೇ ಗತಿ."

"ನಿಮಗೇನನ್ನಿಸತ್ತೆ ಸರ್?"

"ನಾನಾ? ಬರಹ ಚೆನ್ನಾಗಿದೆ. ಚೆನ್ನಾಗಿದೆ ಅಂದ್ರೆ, ನನ್ನ ಹೆಂಡ್ತಿ ಅಡುಗೆ ಬಗ್ಗೆ ಹೇಳೋ ಹಾಗಲ್ಲ, ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ಈಗ ಯಾರಮ್ಮ ಓದ್ತಾರೆ? ಕಣ್ಣಲ್ಲಿ ನೀರು ಬಂದ್ರೆ ಕೈ ತಾನಾಗೇ ಗುಂಡಿ ಒತ್ತತ್ತೆ. ಕೊಳ್ಳೋರು ಮಕ್ಕಳು ಕಣೇ, ಕಿವಿ ಕೇಳ್ದೇ ಇರೋರಲ್ಲ. ಮಕ್ಕಳನ್ನ ಅಳಿಸು, ಸಾಕು." ಹೊಗಳುವಾಗಲೂ ಬಯ್ಯುವಾಗಲೂ ಅವರು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. "ಆದ್ರೂ ನೀನೇ ಹೇಳು. ಬರೆದವಳು ನಾನು ಅನ್ನೋದನ್ನ ಪಕ್ಕಕ್ಕಿಟ್ಟು ಹೇಳು."

"ಬೇಡ ಸರ್, ಪಾಪ, ಅವಳ ತಲೆಗೆ ಯಾಕೆ ಕಟ್ತೀರಾ?" ಎಂದ ಗಡ್ಡ. "ವೀಡಿಯೊ ಅಂದ್ರೆ ಅವಳಿಗೆ ಹೊಟ್ಟೆ ಉರಿ, ಬರಹ ಅಂದ್ರೆ ನನಗೆ. ನೀವೇ ಪಂಚಾಯ್ತಿ ಮಾಡಿ."

"ಹಿಂದಿನೋರು ಕಿವುಡನ ಮುಂದೆ ಕಿನ್ನರಿ ನುಡಿಸಿದ ಹಾಗೆ ಅಂತಿದ್ರಲ್ಲ, ಆ ಗಾದೆಗೇ ಈಗ ಕೆಲಸ ಹೋಯ್ತು ನೋಡಿ!" ಎಂದು ಯಜಮಾನರು ಎದ್ದರು. ಲೆಕ್ಕ ಬರೆಯುವ ಹುಡುಗಿ ನಕ್ಕಳು, ಗಡ್ಡ ನಕ್ಕ. ಅವಳೂ ನಕ್ಕಳು, ಒಂದು ಉಸಿರಿನಷ್ಟು ತಡವಾಗಿ. ತಡವಾದದ್ದು ಅವಳಿಗೇ ಗೊತ್ತಾಗಿ ಮೈ ಬಿಸಿಯಾಯಿತು. ಅದು ಅಮ್ಮನ ನಗು. ನಾಲ್ಕು ಜನ ಕೂತ ಕಡೆ ಅಮ್ಮ ಹೀಗೇ, ಉಳಿದವರ ಬಾಯಿ ಅಗಲವಾದದ್ದನ್ನು ನೋಡಿಕೊಂಡು, ಒಂದು ಉಸಿರು ತಡವಾಗಿ ನಗುತ್ತಾಳೆ. ಎಷ್ಟು ಚಂದ ನಗ್ತಾರೆ ನಿಮ್ಮಮ್ಮ, ಎಲ್ಲದಕ್ಕೂ ಹೌದು ಅಂತಾರೆ, ಇಂಥ ಸ್ವಭಾವ ಎಲ್ಲರಿಗೂ ಬರಲ್ಲ ಎಂದು ಎದುರು ಮನೆಯಾಕೆ ಹೇಳಿದ್ದಳು. ಅಮ್ಮನ ಸ್ವಭಾವವೇ ಬೇರೆಯಾಗಿತ್ತು. ಊರಿನ ದೊಡ್ಡ ಚೌಕದ ಪಕ್ಕ ಕಿಟಕಿ ಪರದೆಯ ಬಟ್ಟೆ ಮಾರುವ ಅಂಗಡಿಯ ಕೌಂಟರಿನ ಹಿಂದೆ ನಿಂತು ಆಯಸ್ಸು ಸವೆಸಿದವಳು ಅಮ್ಮ. ಅಲ್ಲಿ ಅವಳು ಅಷ್ಟು ಸುಲಭಕ್ಕೆ ಯಾವುದಕ್ಕೂ ಹೌದು ಅಂದವಳಲ್ಲ. ಗಿರಾಕಿ ನೀಲಿ ಬೇಕು ಅಂದರೆ, ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿ, ನೀಲಿ ಬೇಡ ಎಂದು ವಾದಿಸಿ, ಕೊನೆಗೆ ಅವರು ನೀಲಿಯನ್ನೇ ಕೊಂಡರೂ ಸೋಲೊಪ್ಪದೆ, ಎರಡು ವರ್ಷ ಬಿಟ್ಟು ಬರ್ತೀರಿ ನೋಡಿ ಅನ್ನುತ್ತಿದ್ದವಳು. ಆ ಅಮ್ಮನನ್ನು ಈ ಹೌದು ಹೌದು ಅನ್ನುವ ಹೆಂಗಸು ನುಂಗಿಹಾಕಿದ್ದು ಯಾವಾಗ?

ಯಾವಾಗ ಎಂದು ಅವಳಿಗೆ ಗೊತ್ತಿತ್ತು. ಮೊದಮೊದಲು ಅಮ್ಮ ಕೇಳುತ್ತಿದ್ದಳು. ಏನು? ಏನಂದೆ? ಎಂದು ತಲೆಯನ್ನು ಸ್ವಲ್ಪ ವಾಲಿಸಿ, ಬಲಗಿವಿ ಮುಂದೆ ಮಾಡಿ. ಕೇಳಿದಾಗ ಮತ್ತೊಮ್ಮೆ ಹೇಳುವುದು ಯಾವ ಮಹಾ ಕೆಲಸ? ಆದರೂ ಒಂದು ಬೆಳಿಗ್ಗೆ ಚಪ್ಪಲಿಗೆ ಕಾಲು ತೂರಿಸುತ್ತ, ಬಸ್ಸಿಗೆ ಹೊತ್ತಾಗಿದ್ದಾಗ, ಅವಳು ಏನೋ ಹೇಳಿದಳು. ಏನು? ಎಂದಳು ಅಮ್ಮ. ಇನ್ನೊಮ್ಮೆ ಹೇಳಿದಳು. ಏನಂದೆ? ಎಂದಳು ಅಮ್ಮ, ಕೈಯಲ್ಲಿ ಸೌಟು ಹಿಡಿದೇ ಬಾಗಿಲವರೆಗೆ ಬಂದು, ಕೇಳುವ ಆಸೆಯಿಂದ. ಏನಿಲ್ಲ ಬಿಡಮ್ಮ, ಎಂದು ಅವಳು ಬಾಗಿಲೆಳೆದುಕೊಂಡಳು. ಬಯ್ಗುಳವಲ್ಲ ಅದು. ಬಯ್ದಿದ್ದರೆ ಅಮ್ಮ ಜಗಳವಾಡುತ್ತಿದ್ದಳು, ಗೆಲ್ಲುತ್ತಲೂ ಇದ್ದಳು. ಏನಿಲ್ಲ ಬಿಡು ಅನ್ನುವುದರ ಎದುರು ಯಾವ ಜಗಳ ಆಡುವುದು? ಅಂದೇ ನಿಂತುಹೋಯಿತೋ, ಅಂಥ ಹಲವು ಬೆಳಗುಗಳು ಕೂಡಿ ನಿಂತಿತೋ, ಅಮ್ಮ ಕೇಳುವುದನ್ನು ಬಿಟ್ಟಳು. ಮನೆಯಲ್ಲಿ ಏನು? ಎಂಬ ಮಾತು ಇಲ್ಲವಾಯಿತು. ಅದರ ಬದಲು ಹೌದು ಬಂತು, ನಗು ಬಂತು. ಬಾಗಿಲಿನ ಗಂಟೆ ಕೇಳಿಸದ್ದಕ್ಕೆ ಅವಳು ಬರುವ ಹೊತ್ತಿಗೆ ಅಗುಳಿ ತೆಗೆದಿಡುವುದು ಬಂತು. ಯಾಕಮ್ಮ ಬಾಗಿಲು ತೆಗೆದಿಡ್ತೀಯ ಅಂದರೆ, ಗಾಳಿ ಬರ್ಲಿ ಅಂತ, ಅನ್ನುತ್ತಿದ್ದಳು. ಈ ಪ್ರಶ್ನೆ ಬಂದೇ ಬರುತ್ತದೆಂದು ಉತ್ತರವನ್ನು ಮೊದಲೇ ಮಡಚಿ ಇಟ್ಟುಕೊಂಡವಳಂತೆ.

ವಾರಗಟ್ಟಲೆ ಕಿವಿಯ ಬಗ್ಗೆ ಬರೆದರೂ ಆಫೀಸಿನಲ್ಲಿ ಅವಳು ಅಮ್ಮನ ವಿಷಯ ಎತ್ತಿರಲಿಲ್ಲ. ಎತ್ತಿದ್ದರೆ ಅವರು ಸಂತೋಷಪಡುತ್ತಿದ್ದರು, ಅದೇ ಅವಳ ಭಯ. ಅಯ್ಯೋ ಮೊದಲೇ ಹೇಳಬಾರದಾ, ಕರ್ಕೊಂಡು ಬಾ, ಬೆಳಕಲ್ಲಿ ಕೂರಿಸೋಣ ಅನ್ನುತ್ತಿದ್ದ ಗಡ್ಡ. ಅವನು ಒಳ್ಳೆಯವನು, ನಿಜವಾಗಿಯೂ ಮೆತ್ತಗಿನ ಬೆಳಕಿನಲ್ಲೇ ಕೂರಿಸುತ್ತಿದ್ದ. ಹಾಗಾಗಿ ಬರೆಯುವಾಗ ಬಾಗಿಲು ಹಾಕಿಕೊಂಡಂತೆ ಅಮ್ಮನೊಬ್ಬಳಿಗೇ ಬರೆದಿದ್ದಳು. ನಿನಗೆ ಕಿವಿ ಕೇಳುತ್ತಿಲ್ಲ ಎಂದು ಎದುರು ಕೂತು ಹೇಳಲಾರದ್ದನ್ನು ಕಂಪನಿಯ ಹೆಸರಿನಲ್ಲಿ, ಬಹುವಚನದಲ್ಲಿ, ನೀವು ತಾವು ಎಂದು. ಆಮೇಲೆ, ಮೊನ್ನೆ, ಗಡ್ಡ ತನ್ನ ವೀಡಿಯೊ ತೋರಿಸಿದ. ಕಿಟಕಿಯ ಪಕ್ಕ ಕೂತ ಅಜ್ಜಿ. ದೂರದಲ್ಲಿ ಮಾತಾಡುವ ಮೊಮ್ಮಗಳು. ಹಿಂದಿನಿಂದ ಗಡ್ಡನದೇ ದನಿ, ಬೆಚ್ಚಗೆ, ನಿಧಾನಕ್ಕೆ, ನಮಗೆ ಮಾತಾಡಲು ಕಲಿಸಿದವರು ಇಂದು ಮೌನದಲ್ಲಿದ್ದಾರೆ ಎಂದು. ಅಜ್ಜಿಯ ಕಿವಿಗೆ ಯಂತ್ರ, ಅಜ್ಜಿ ತಿರುಗುತ್ತಾಳೆ, ಪಿಟೀಲು ಏರುತ್ತದೆ. ಎಲ್ಲರೂ ಅತ್ತರು. ಅವಳೂ ಅತ್ತಳು, ಮತ್ತು ಅತ್ತದ್ದಕ್ಕೆ ಅವಮಾನವಾಯಿತು. ಆ ಗಳಿಗೆಯಲ್ಲಿ ತಾನು ಬರೆದ ಹಾಳೆಗಳು ಒಗೆದು ಒಣಹಾಕಿದ ಕರವಸ್ತ್ರಗಳ ಹಾಗೆ ಕಂಡವು: ಚೊಕ್ಕಟ, ಬಿಳಿ, ಯಾರ ಕಣ್ಣನ್ನೂ ಒರೆಸದವು.

"ಫೈನಲ್ ಕಾಪಿ ಕೊಡ್ತೀಯಾ?" ಎಂದಳು ಈಗ, ಗಡ್ಡನಿಗೆ. "ಊಟಕ್ಕೆ ಮನೆಗೆ ಹೋದಾಗ ಇನ್ನೊಂದ್ಸಲ ನೋಡ್ತೀನಿ. ಇಲ್ಲಿ ನೋಡಿದ್ರೆ ನಿನ್ನ ಮುಖ ನೋಡ್ಕೊಂಡೇ ನೋಡ್ಬೇಕಾಗತ್ತೆ."

"ನನ್ನ ಮುಖಕ್ಕೇನಾಗಿದೆ?"

"ಗಡ್ಡ ಆಗಿದೆ."

ಬೇರೆ ಚಿತ್ರೀಕರಣಕ್ಕೆ ಹೊರಡುವ ಗಡಿಬಿಡಿಯಲ್ಲಿ ಅವನು ಪೆನ್ ಡ್ರೈವ್ ಎಸೆದ, ಅವಳು ಹಿಡಿದಳು. ಯಾಕೆ ಒಯ್ಯುತ್ತಿದ್ದೇನೆ ಎಂದು ಬಸ್ಸಿನಲ್ಲಿ ಯೋಚಿಸಿದಳು. ಅಮ್ಮನಿಗೆ ತೋರಿಸಲು. ಎರಡನ್ನೂ ತೋರಿಸಿ, ಅಮ್ಮ ಯಾವುದರ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾಳೋ ಅದನ್ನೇ ಹೇಳುವುದು ಎಂದು ಅವಳಿಗೆ ಅವಳೇ ಕೊಟ್ಟುಕೊಂಡ ಕಾರಣ. ಅದರ ಕೆಳಗೆ ಇನ್ನೊಂದಿತ್ತು: ಎರಡರಲ್ಲಿ ಒಂದಾದರೂ ಅಮ್ಮನಿಗೆ ವಿಷಯ ತಿಳಿಸಿಬಿಡಲಿ, ತಾನು ಬಾಯಿ ಬಿಡದೆ. ಅಮ್ಮ ಯಂತ್ರ ಹಾಕಿಕೊಳ್ಳಲಿ, ಕೊಡೆಯ ಕಥೆ ಕೇಳಲಿ. ಮಗಳಾದವಳು ಹೇಳಬೇಕಾದ್ದನ್ನು ಜಾಹೀರಾತಿನ ಕೈಯಲ್ಲಿ ಹೇಳಿಸಲು ಹೊರಟಿದ್ದೇನೆ ಎಂದು ನಗು ಬಂತು. ಪಕ್ಕದವನು ತಿರುಗಿ ನೋಡಿದ.

ಬಾಗಿಲು ತೆರೆದೇ ಇತ್ತು. ಅಮ್ಮ ಕಿಟಕಿಯಿಂದ ಅವಳನ್ನು ಕಂಡು ಆಗಲೇ ತಟ್ಟೆ ಇಟ್ಟಿದ್ದಳು. ಊಟವಾಯಿತು. ಅಮ್ಮ ತಾನೇ ಮಾತಾಡಿದಳು, ಎದುರು ಮನೆಯ ಬೆಕ್ಕಿನ ಬಗ್ಗೆ, ನಲ್ಲಿಯ ಬಗ್ಗೆ, ಬೆಕ್ಕು ನಲ್ಲಿಯ ಕೆಳಗೆ ಕೂರುವುದರ ಬಗ್ಗೆ. ತಾನೇ ಮಾತಾಡುತ್ತಿದ್ದರೆ ಕೇಳುವ ಕಷ್ಟವಿಲ್ಲ. ಮೇಜನ್ನು ಒರೆಸಿ, ತನ್ನ ಬರಹದ ಹಾಳೆಗಳನ್ನು ಒಂದು ಬದಿಗಿಟ್ಟು, ಅವಳು ಲ್ಯಾಪ್‌ಟಾಪ್ ತೆರೆದು, ಇದನ್ನ ನೋಡು, ನಿನ್ನ ಅಭಿಪ್ರಾಯ ಬೇಕು ಎಂದು ಕೈಸನ್ನೆ ಬೆರೆಸಿ ಹೇಳಿದಳು. ಅಮ್ಮ ಕನ್ನಡಕ ಹಾಕಿಕೊಂಡು, ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಅಜ್ಜಿ ಬಂದಳು, ಕಿಟಕಿ ಬಂತು. ದನಿ ಬರಲಿಲ್ಲ. ಪಿಟೀಲೂ ಇಲ್ಲ. ಲ್ಯಾಪ್‌ಟಾಪಿನ ಸದ್ದು ಕಡಿಮೆಯಿದೆಯೇ ಎಂದು ನೋಡಿದಳು, ಪೂರ್ತಿ ಏರಿಸಿಯೇ ಇತ್ತು. ಗಡ್ಡ ಗಡಿಬಿಡಿಯಲ್ಲಿ ಸೌಂಡ್ ಸೇರಿಸದ ಕಾಪಿಯನ್ನು ಹಾಕಿಕೊಟ್ಟಿದ್ದಾನೆ. ನಿಲ್ಲಿಸೋಣವೆಂದು ಗುಂಡಿಯತ್ತ ಕೈ ಚಾಚಿದಳು. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ, ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ತಡಿ, ಮುಟ್ಟಬೇಡ. ಕೇಳ್ತಾ ಇದೀನಿ."

ಅವಳ ಕೈ ಮೇಜಿನ ಮೇಲೆ ಅಲ್ಲೇ ಉಳಿಯಿತು. ಮೂಕ ಅಜ್ಜಿ ಮೂಕ ಮೊಮ್ಮಗಳತ್ತ ನೋಡಿದಳು. ಹೊರಗೆ ಯಾವುದೋ ಗಾಡಿ ಹಿಮ್ಮುಖವಾಗಿ ಚಲಿಸುತ್ತ ಕೀಂ ಕೀಂ ಅನ್ನುತ್ತಿತ್ತು, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಮ್ಮನಿಗಿಲ್ಲದ ಆ ಸದ್ದುಗಳನ್ನೆಲ್ಲ ಕದ್ದು ಕೇಳಿಸಿಕೊಳ್ಳುತ್ತಿರುವವಳಂತೆ ಅವಳಿಗೆ ಅನ್ನಿಸಿತು. ಅಮ್ಮ ಅಲ್ಲಲ್ಲಿ ತಲೆಯಾಡಿಸುತ್ತಿದ್ದಳು. ಎಲ್ಲಿ ಆಡಿಸಬೇಕೋ ಅಲ್ಲೇ. ಎಂಥ ಕಲಿತ ತಲೆ! ಅಜ್ಜಿ ತಿರುಗಿದಾಗ ಅಮ್ಮ ಹ್ಮ್ ಎಂದಳು. ಮುಗಿಯಿತು.

"ಚೆನ್ನಾಗಿ ಹೇಳಿದಾನೆ," ಎಂದಳು ಅಮ್ಮ. "ಎಲ್ಲೂ ಅವಸರ ಇಲ್ಲ. ಒಳ್ಳೇ ಗಂಟಲು."

ಅವಳು ಹೌದು ಎಂದು ತಲೆಯಾಡಿಸಿದಳು. ನಕ್ಕಳು ಕೂಡ. ತನ್ನ ಮುಖದ ಮೇಲೆ ಏನು ನಡೆಯುತ್ತಿದೆಯೋ ಅವಳಿಗೆ ತಿಳಿಯದು, ಆದರೆ ಅಮ್ಮ ಅದನ್ನು ನೋಡಿದಳು. ಕಿವಿ ಮಂದವಾದಷ್ಟೂ ಅಮ್ಮನ ಕಣ್ಣು ಚುರುಕಾಗಿತ್ತು. ಮಗಳ ಮುಖ ನೋಡಿದಳು, ಲ್ಯಾಪ್‌ಟಾಪನ್ನು ನೋಡಿದಳು, ಎದ್ದು ಹೋಗಿ ಒಂದು ಲೋಟ ನೀರು ಕುಡಿದಳು, ಬೇಡದಿದ್ದರೂ ಲೋಟ ತೊಳೆದಿಟ್ಟಳು. ಆ ಬೆನ್ನಿನಿಂದ ಏನನ್ನೂ ತಿಳಿಯುವಂತಿರಲಿಲ್ಲ. ಹಿಂದಿರುಗಿ ಬಂದು ಕೂತವಳು ಕೈ ಚಾಚಿದಳು.

"ಆ ಹಾಳೆ ಕೊಡಿಲ್ಲಿ. ಅದು ನೀನು ಬರ್ದಿದ್ದಲ್ವಾ?"

ಅಮ್ಮ ಓದುವಾಗ ತುಟಿ ಆಡಿಸುತ್ತಿದ್ದಳು. ತಾನು ಬರೆದ ಮಾತುಗಳು ಅಮ್ಮನ ತುಟಿಯ ಮೇಲೆ ಸದ್ದಿಲ್ಲದೆ ಹಾದುಹೋಗುವುದನ್ನು ನೋಡುತ್ತ ಅವಳು ಕೂತಳು. ಚಿಕ್ಕವಳಿದ್ದಾಗ ಅಂಗಡಿಯ ಕೌಂಟರಿನ ಕೆಳಗೆ, ಬಟ್ಟೆಯ ಸುರುಳಿಗಳ ನಡುವೆ ಕೂತು, ಮೇಲೆ ನಡೆಯುವ ವ್ಯಾಪಾರವನ್ನು ಹೀಗೇ ಕೇಳುತ್ತಿದ್ದಳು, ಅಮ್ಮನ ಕಾಲು ಮಾತ್ರ ಕಾಣುತ್ತಿತ್ತು. ಮಾತು ಗೆಲ್ಲುತ್ತಿರುವಾಗ ಬಲಗಾಲಿನ ಹಿಮ್ಮಡಿ ಚಪ್ಪಲಿಯಿಂದ ಮೇಲೇಳುತ್ತಿತ್ತು. ಈಗ ಹಿಮ್ಮಡಿ ನೋಡಲೇ ಎಂದುಕೊಂಡಳು, ಧೈರ್ಯವಾಗಲಿಲ್ಲ. ಅಮ್ಮ ಮೊದಲ ಹಾಳೆಗೆ ಹಿಂದಿರುಗಿ, ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ನಿಮಗೆ ಕೇಳಿಸುವುದು ಕಡಿಮೆಯಾಗಿದೆಯೇ? ಎಂದಿತ್ತು ಅಲ್ಲಿ.

"ಇದ್ಯಾರು ಬರ್ದಿದ್ದು?"

"ನಾನೇ."

"ನನ್ನ ಮಗಳಾಗಿ ಹೀಗೆ ಬರೀತೀಯಾ? ಗಿರಾಕಿ ಅಂಗಡಿ ಒಳಗೆ ಕಾಲಿಟ್ಟ ತಕ್ಷಣ, ಸ್ವಾಮಿ, ನಿಮ್ಮನೆ ಪರದೆ ಹರ್ದೋಗಿದೆಯಂತೆ ಹೌದಾ ಅಂತ ಕೇಳಿದ್ರೆ ಅವನು ಕೂತ್ಕೋತಾನಾ? ಹರ್ದಿದೆ ಅಂತ ಅವನಿಗೆ ಗೊತ್ತಿಲ್ವಾ? ಗೊತ್ತಿದ್ದೇ ಬಂದಿರ್ತಾನೆ. ನೀನು ಬಟ್ಟೆ ಬಿಚ್ಚಿ ಕೈಗೆ ಕೊಡ್ಬೇಕು, ಆಮೇಲೆ ಬಾಯಿ ಮುಚ್ಕೊಂಡು ನಿಂತ್ಕೋಬೇಕು. ಅವನೇ ಮುಟ್ಟಿ, ಬೆಳಕಿಗೆ ಹಿಡಿದು, ಒಗೆದ್ರೆ ಕುಗ್ಗತ್ತಾ ಅಂತ ಕೇಳ್ತಾನೆ. ಅದನ್ನ ಕೇಳಿದ ಅಂದ್ರೆ ಬಟ್ಟೆ ಮಾರಿ ಆಯ್ತು ಅಂತ ತಿಳ್ಕೋ. ಕತ್ತರಿ ತಗೋಬಹುದು." ಎಷ್ಟೋ ತಿಂಗಳ ಮೇಲೆ ಅಮ್ಮ ವಾದ ಮಾಡುತ್ತಿದ್ದಳು, ಕೆನ್ನೆ ಕೆಂಪಗಾಗಿತ್ತು. "ಉಳಿದಿದ್ದು ಪರ್ವಾಗಿಲ್ಲ. ಸ್ವಲ್ಪ ಉದ್ದ ಆಯ್ತು. ಹೋಗು, ಬಸ್ಸು ತಪ್ಪತ್ತೆ."

ತನ್ನ ಬಗ್ಗೆ ಒಂದು ಮಾತಿಲ್ಲ. ಎಲ್ಲ ಗೊತ್ತಾಯಿತೋ, ಏನೂ ಗೊತ್ತಾಗಲಿಲ್ಲವೋ. ಬಸ್ಸಿನಲ್ಲಿ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಮೊದಲ ಸಾಲನ್ನು ಹೊಡೆದುಹಾಕಿದಳು. ಆ ಜಾಗ ಖಾಲಿ ಉಳಿಯಿತು. ಬೆಳಗಿನ ನಿಲ್ದಾಣ ಬಂತು, ಹೋಯಿತು. ಹಸಿರು ಕೋಟಿನ ಯಾರೂ ಇರಲಿಲ್ಲ. ಆ ಕೊಡೆಯನ್ನು ಆಕೆ ಏನು ಮಾಡಿದಳೋ, ಮನೆಯಲ್ಲಿ ಯಾರಿಗೆ ಹೇಳಿದಳೋ ಎಂದು ಯೋಚಿಸುತ್ತಿದ್ದಾಗ ಖಾಲಿ ಜಾಗದಲ್ಲಿ ಅವಳ ಕೈ ಬರೆಯಿತು: ಸಣ್ಣ ಮಾತುಗಳನ್ನು ಯಾರೂ ಕೂಗಿ ಹೇಳುವುದಿಲ್ಲ. ಬರೆದದ್ದನ್ನು ಓದಿ, ಯಾರೋ ಹೆಗಲು ಮುಟ್ಟಿದಂತಾಗಿ, ಕಿಟಕಿಯ ಹೊರಗೆ ನೋಡಿದಳು.

ಕಿವಿ ಕಂಪನಿಯ ಮೇಡಂ ಬೆಳ್ಳಿಕೂದಲಿನ, ಅಚ್ಚುಕಟ್ಟಾದ ಹೆಂಗಸು. ಒಂದು ಪುಟ್ಟ ಡಬ್ಬಿಯಲ್ಲಿ ಯಂತ್ರದ ಮಾದರಿ ತಂದಿದ್ದರು, ಅವರೆಕಾಳಿಗಿಂತ ಸ್ವಲ್ಪ ದೊಡ್ಡದು. ಗಡ್ಡ ಇನ್ನೂ ಬಂದಿರಲಿಲ್ಲ. ಅವನಿಗೆ ಫೋನು ಮಾಡಿ ಸರಿಯಾದ ಕಾಪಿ ಎಲ್ಲಿದೆಯೆಂದು ಕೇಳಬಹುದಿತ್ತು, ಅವನ ಕಂಪ್ಯೂಟರಿನಲ್ಲೇ ಹುಡುಕಬಹುದಿತ್ತು. ಅವಳು ಅದೇ ಪೆನ್ ಡ್ರೈವನ್ನು ತೂರಿಸಿದಳು. ಗಡ್ಡನ ಬೆನ್ನ ಹಿಂದೆ ಹೀಗೆ ಮಾಡುವುದು ಸರಿಯಲ್ಲ ಎಂದು ಕೈಗೆ ಗೊತ್ತಿತ್ತು. ಆದರೂ ದೀಪ ಆರಿಸಿದಳು. ಗೋಡೆಯ ಮೇಲೆ ಅಜ್ಜಿ ಬಂದಳು, ಕಿಟಕಿ ಬಂತು. ಪ್ರೊಜೆಕ್ಟರಿನ ಫ್ಯಾನು ಮಾತ್ರ ಗುಂಯ್‌ಗುಟ್ಟುತ್ತಿತ್ತು. ಈಗ ಕೇಳುತ್ತಾರೆ, ಈಗ ಯಾರಾದರೂ ಹೇಳುತ್ತಾರೆ ಎಂದು ಅವಳು ಕತ್ತಲಲ್ಲಿ ಕಾದಳು. ಯಜಮಾನರು ಲೆಕ್ಕದ ಹುಡುಗಿಯನ್ನು ನೋಡಿದರು. ಹುಡುಗಿ ಯಜಮಾನರನ್ನು ನೋಡಿ, ಕೂಡಲೇ ಗೋಡೆಯನ್ನು ನೋಡಿದಳು. ಪೆಪ್ಪರಮಿಂಟು ಕೆನ್ನೆ ಬದಲಿಸಿತು. ಮೇಡಂ ಮುಂದಕ್ಕೆ ಬಾಗಿದರು, ಹುಬ್ಬು ಗಂಟಿಕ್ಕಿತು, ಸಡಿಲವಾಯಿತು. ಆಮೇಲೆ, ಮೊಮ್ಮಗಳು ಬಾಯಿ ತೆರೆದಾಗ, ಮೇಡಂ ಮೆಲ್ಲಗೆ ತಲೆಯಾಡಿಸಿದರು. ಅದನ್ನು ಕಂಡು ಯಜಮಾನರೂ ತಲೆಯಾಡಿಸಿದರು. ಹುಡುಗಿಯೂ. ಗೋಡೆಯಿಂದ ಬರುವ ಬೆಳಕಿನಲ್ಲಿ ಮೂರು ತಲೆಗಳು, ಎಲ್ಲಿ ಆಡಿಸಬೇಕೋ ಅಲ್ಲಿ, ವಿನಯದಿಂದ ಆಡುತ್ತಿದ್ದವು. ಅವಳಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಇಷ್ಟು ಕಾಲ ಅಮ್ಮನೊಬ್ಬಳೇ ಕೂತಿದ್ದ ಬೆಂಚಿನ ಮೇಲೆ ಇವರೆಲ್ಲ ಬಂದು ಪಕ್ಕದಲ್ಲಿ ಕೂತಂತಿತ್ತು.

"ತುಂಬ... ಮನಸ್ಸಿಗೆ ತಟ್ಟತ್ತೆ," ಎಂದರು ಮೇಡಂ, ದೀಪ ಹತ್ತಿದಾಗ.

"ಇದ್ರಲ್ಲಿ ಸೌಂಡ್ ಇರ್ಲಿಲ್ಲ ಮೇಡಂ," ಎಂದಳು ಅವಳು. "ತಪ್ಪು ಕಾಪಿ. ಹಾಕಿದ್ದು ನಾನೇ, ವೀಡಿಯೊ ಮಾಡಿದವನ ತಪ್ಪಲ್ಲ."

ಮೇಡಂ ಕತ್ತಿನವರೆಗೂ ಕೆಂಪಾಗಿ, ಆಮೇಲೆ ಗೊಳ್ಳೆಂದು ನಕ್ಕುಬಿಟ್ಟರು. "ಅಯ್ಯೋ! ಇದೇನೋ ಹೊಸ ಸ್ಟೈಲ್ ಇರ್ಬೇಕು, ನನಗೇ ತಿಳೀತಿಲ್ಲ ಅಂದ್ಕೊಂಡೆ ಕಣ್ರೀ!"

"ನಾನು ಸ್ಪೀಕರ್ ಕೈಕೊಟ್ಟಿದೆ, ನಿಮ್ಮೆದುರು ಯಾಕೆ ಮರ್ಯಾದೆ ಕಳ್ಕೊಳ್ಳೋದು ಅಂತ ಸುಮ್ನಿದ್ದೆ," ಎಂದರು ಯಜಮಾನರು.

"ಸರ್ ತಲೆ ಆಡಿಸಿದ್ರಲ್ಲ, ನಾನೂ ಆಡಿಸಿದೆ," ಎಂದಳು ಹುಡುಗಿ.

"ಅವರೂ ಹಾಗೇ ಅಂದ್ಕೊಂಡೇ ತಲೆ ಆಡಿಸೋದು," ಎಂದಳು ಅವಳು.

"ಯಾರು?" ಎಂದರು ಮೇಡಂ.

ನಾಲಿಗೆಯ ತುದಿಯವರೆಗೆ ಬಂದಿತ್ತು. ನಮ್ಮಮ್ಮ, ಈ ಮಧ್ಯಾಹ್ನ, ಇದೇ ವೀಡಿಯೊ, ಒಳ್ಳೇ ಗಂಟಲು ಅಂದಳು. ಹೇಳಿದರೆ ಸಾಕು, ಗೆದ್ದಂತೆ. ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಮೇಡಂ ಅದನ್ನು ತಮ್ಮ ಕಂಪನಿಯಲ್ಲಿ ಹೇಳುತ್ತಾರೆ, ಅಲ್ಲಿಂದ ಇನ್ನೆಲ್ಲೋ. ಅಮ್ಮನ ಆ ಕೈ, ತನ್ನ ಕೈಯನ್ನು ಪಕ್ಕಕ್ಕೆ ಸರಿಸಿದ ಆ ಮೆತ್ತಗಿನ ಕೈ, ಊರೂರು ಅಲೆಯುತ್ತದೆ. ಅವಳು ಅದನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಳು.

"ನಾವು ಯಾರಿಗೆ ಮಾರ್ತಾ ಇದೀವೋ ಅವರು," ಎಂದಳು. "ಅವರಿಗೆ ನಾವು ಒಳ್ಳೇ ದನಿ, ಪಿಟೀಲು ಎಲ್ಲ ಇಟ್ಟು ಕಾಯ್ತಾ ಇದೀವಿ. ಬೆಳಿಗ್ಗೆ ಸರ್ ಕಿನ್ನರಿ ಗಾದೆ ಹೇಳಿದ್ರು, ಎಲ್ಲ ನಕ್ವಿ. ಕಿನ್ನರಿ ನುಡಿಸಿದ್ದು ನಾವೇ ಅಂತ ಒಬ್ಬರಿಗೂ ಹೊಳೀಲಿಲ್ಲ."

ಯಜಮಾನರು ಮೊದಲ ಬಾರಿಗೆ ಗಡಿಯಾರ ಬಿಟ್ಟು ಅವಳನ್ನು ನೋಡಿದರು. "ಆದ್ರೂ ಕೊಳ್ಳೋರು ಮಕ್ಕಳಲ್ವೇನಮ್ಮ?"

"ಕೊಳ್ಳೋರು ಮಕ್ಕಳು ಸರ್, ಹಾಕ್ಕೊಳ್ಳೋರು ಅವರಲ್ಲ. ಮಕ್ಕಳು ಅತ್ಕೊಂಡು ತಂದ್ಕೊಟ್ಟಿದ್ದು ಬೀರುವಿನಲ್ಲಿ ಕೂತಿರತ್ತೆ."

"ಅದು ನಿಜ," ಎಂದರು ಮೇಡಂ. ನಗು ಹೋಗಿತ್ತು. "ಎಷ್ಟೋ ಡಬ್ಬಿ ತೆಗೆದೇ ಇರಲ್ಲ. ಹಾಗೇ ವಾಪಸ್ ಬರತ್ತೆ. ಎಲ್ಲಿ, ನಿಮ್ಮ ಬರಹ ಕೊಡಿ."

ಮೇಡಂ ಹೊಸ ಮೊದಲ ಸಾಲು ಓದಿದರು. ಮತ್ತೊಮ್ಮೆ ಓದಿದರು. ಮುಂದಿನ ಹಾಳೆಗೆ ಹೋದರು. ಅವರ ತುಟಿ ಸ್ವಲ್ಪವೇ ಆಡುತ್ತಿತ್ತು. ಬರಹವೇ ಇರಲಿ, ಸ್ವಲ್ಪ ಮೊಟಕು ಮಾಡಿ ಎಂದು ಹೊರಡುವಾಗ ಅಂದರು. ಅವರನ್ನು ಬೀಳ್ಕೊಟ್ಟು ಹಿಂದಿರುಗುವಾಗ ಮೆಟ್ಟಿಲ ಮೇಲೆ ಗಡ್ಡ ಎದುರಾದ. ಅವಳು ನಡೆದದ್ದನ್ನೆಲ್ಲ ಹೇಳಿದಳು, ಅದೇ ಕಾಪಿಯೆಂದು ತನಗೆ ಮೊದಲೇ ಗೊತ್ತಿತ್ತು ಎಂಬುದನ್ನೂ. ಅವನು ರೇಗಲಿಲ್ಲ. ಕೈಕಂಬಿಯ ಬಣ್ಣ ಕೆರೆಯುತ್ತ, "ದನಿ ಚೆನ್ನಾಗಿತ್ತು ಕಣೇ,"  ಎಂದ, ಮಗುವಿನ ಹಾಗೆ. "ಒಳ್ಳೇ ಗಂಟಲು ನಿಂದು," ಎಂದಳು ಅವಳು. ಅದು ಯಾರ ಮಾತೆಂದು ಅವನಿಗೆ ಹೇಳಲಿಲ್ಲ.

ಇಳಿಬಿಸಿಲು ಅಡುಗೆಮನೆಯ ಅರ್ಧದವರೆಗೂ ಬಂದಿತ್ತು. ತೆರೆದ ಬಾಗಿಲಿನಿಂದ ಒಳಗೆ ಹೋದಾಗ ಅಮ್ಮ ಮೇಜಿನ ಮುಂದೆ ಚಹಾ ಹಿಡಿದು ಕೂತಿದ್ದಳು, ಎದುರಿಗೆ ಇನ್ನೊಂದು ಲೋಟವನ್ನು ತಟ್ಟೆ ಮುಚ್ಚಿ ಇಟ್ಟಿದ್ದಳು.

"ಯಾವ್ದು ಆರಿಸಿದ್ರು?"

ಅವಳು ಗಾಳಿಯಲ್ಲಿ ಬರೆಯುವಂತೆ ಬೆರಳಾಡಿಸಿದಳು. ಅಮ್ಮ ಗೊತ್ತಿತ್ತು ಎಂಬಂತೆ ಚಹಾ ಗುಟುಕರಿಸಿದಳು. ಲೋಟದ ಅಂಚಿನ ಮೇಲಿಂದ ನೋಡುತ್ತ, ಬೆಲೆ ಕೇಳುವವರ ಹಗುರ ದನಿಯಲ್ಲಿ, "ಆ ವೀಡಿಯೊದಲ್ಲಿ ಸೌಂಡೇ ಇರ್ಲಿಲ್ಲ, ಅಲ್ವಾ?" ಎಂದಳು.

ಅವಳು ಅಮ್ಮನ ಎದುರು, ಬಿಸಿಲು ತನ್ನ ಮುಖದ ಮೇಲೆ ಬೀಳುವ ಹಾಗೆ ಕೂತಳು. "ಹೇಗೆ ಗೊತ್ತಾಯ್ತು?"

"ಕಾಲ ಕಳೆದಿದ್ದೇ ಗಿರಾಕಿಗಳ ಮುಖ ನೋಡ್ಕೊಂಡು. ನಿನ್ನ ಮುಖ ಗೊತ್ತಾಗಲ್ವಾ?" ಅಮ್ಮ ಲೋಟ ಕೆಳಗಿಟ್ಟಳು. "ಹೇಳ್ಬಾರ್ದಾಗಿತ್ತಾ?"

"ನೀನು ಹೇಳ್ಬಾರ್ದಾಗಿತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಮ್ಮನ ತುಟಿಯ ಒಂದು ಮೂಲೆ ಎದ್ದಿತು. ಅವಳು ಮೆಲ್ಲಗೆ, ಒಂದೊಂದೇ ಮಾತಾಗಿ, ಕೈಯನ್ನೂ ಬಳಸಿ, ಮೇಡಂ ತಲೆಯಾಡಿಸಿದ್ದನ್ನು, ಯಜಮಾನರು ಆಡಿಸಿದ್ದನ್ನು, ಮನಸ್ಸಿಗೆ ತಟ್ಟತ್ತೆ ಅಂದದ್ದನ್ನು ನಟಿಸಿ ತೋರಿಸಿದಳು. ಅಮ್ಮ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು, ಮೇಜು ತಟ್ಟಿಕೊಂಡು. ಈ ಸಲ ಯಾರ ಬಾಯನ್ನೂ ನೋಡಿಕೊಳ್ಳದೆ, ಎಲ್ಲರಿಗಿಂತ ಮೊದಲು. ನಕ್ಕು ಮುಗಿದ ಮೇಲೆ ಮೇಜಿನ ಮೇಲಿಲ್ಲದ ಧೂಳನ್ನು ಅಂಗೈಯಿಂದ ಒರೆಸುತ್ತ, ಬೇರೆಲ್ಲೋ ನೋಡುತ್ತ ಕೇಳಿದಳು:

"ಅಲ್ಲ, ಕಿವಿಗೆ ಅದನ್ನ ಹಾಕ್ಕೊಂಡು ತಲೆ ಬಾಚಿದ್ರೆ ಬಿದ್ದೋಗಲ್ವಾ? ನೀರು ತಾಗಿದ್ರೆ?"

ಬಟ್ಟೆ ಬಿಚ್ಚಿ ಕೈಗೆ ಕೊಡಬೇಕು, ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಅವಳು ಬೀಳಲ್ಲ ಎಂದಷ್ಟೇ ತಲೆ ಅಲ್ಲಾಡಿಸಿ, ಎದ್ದು, ಎರಡೂ ಲೋಟ ತೆಗೆದುಕೊಂಡು ನಲ್ಲಿಯ ಬಳಿ ಹೋದಳು, ಮುಖ ತೋರಿಸಬಾರದೆಂದು. ನೀರು ಬಿಟ್ಟಳು. ನೀರಿನ ಸದ್ದಿನೊಳಗೆ, ಇಷ್ಟು ದಿನ ನಲ್ಲಿಗೇ ಹೇಳಿಕೊಂಡು ಬಂದ ಅಭ್ಯಾಸದಂತೆ, ತನ್ನಷ್ಟಕ್ಕೇ ಅಂದಳು: ಬೆಳಿಗ್ಗೆ ಬಸ್ಸಲ್ಲಿ ಒಬ್ಬಳು ಕೊಡೆ ಮರೆತು ಹೋದಳು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ನಲ್ಲಿ ನಿಲ್ಲಿಸಿದಳು. ಅವಳ ಕೆನ್ನೆ ಅಲುಗಿದ್ದನ್ನು ಕಂಡ ಅಮ್ಮ ಬಂದು ಪಕ್ಕದಲ್ಲಿ ನಿಂತಿದ್ದಳು, ತಲೆಯನ್ನು ಸ್ವಲ್ಪ ವಾಲಿಸಿ, ಬಲಗಿವಿಯನ್ನು ಮುಂದೆ ಮಾಡಿ.

"ಏನಂದೆ? ಕೇಳಿಸ್ಲಿಲ್ಲ. ಈ ಕಡೆ ತಿರುಗಿ ಹೇಳು."

ಅವಳು ಒದ್ದೆ ಕೈಗಳನ್ನು ಒರೆಸಿಕೊಂಡಳು. ಅಮ್ಮನ ಹೆಗಲು ಹಿಡಿದು, ಬೆಳಕು ಇಬ್ಬರ ಮುಖದ ಮೇಲೂ ಬೀಳುವಂತೆ ನಿಲ್ಲಿಸಿ, ಕೂಗದೆ, ಮೊದಲಿನಿಂದ ಶುರುಮಾಡಿದಳು, ಕೊಡೆಯ ಬಣ್ಣದಿಂದ.